ಯಂತ್ರದ ಪಕ್ಕ ಸೂಚನೆಯ ಚೀಟಿ ಅಂಟಿಸಿದರೆ ಸಾಕೇ? ಆಸ್ಪತ್ರೆಯ ಟೋಕನ್ ಪರದೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಕಾರ್ಡ್ ರೋಡ್ ಪಶ್ಚಿಮ

ಎಲ್ಲರಿಗೂ ನಮಸ್ಕಾರ. ನಾನು ರಾಜಾಜಿನಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೋಡ್ ಬರೆಯುವವನು. ವಿನ್ಯಾಸವನ್ನು ಓದಿಕೊಂಡು ಬಂದವನಲ್ಲ. ನಮ್ಮಲ್ಲಿ ಇರುವ ಏಳು ಜನರಲ್ಲಿ ಡಿಸೈನರ್ ಯಾರೂ ಇಲ್ಲದ ಕಾರಣ ಪರದೆಗಳು ಹೇಗಿರಬೇಕೆಂದು ತೀರ್ಮಾನಿಸುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ನಗರದ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ನಿಲ್ಲಿಸಿರುವ ಟೋಕನ್ ಯಂತ್ರದ ಸಾಫ್ಟ್‌ವೇರ್ ನಾವು ಮಾಡಿಕೊಟ್ಟದ್ದು.

ಬಂದವರು ಮೊದಲು ಭಾಷೆ ಆರಿಸಬೇಕು, ನಂತರ ಮೊಬೈಲ್ ಸಂಖ್ಯೆ ಒತ್ತಬೇಕು, ಆ ಮೊಬೈಲಿಗೆ ಬರುವ ಓಟಿಪಿ ತುಂಬಬೇಕು, ರೋಗಿಯ ಹೆಸರು ಟೈಪ್ ಮಾಡಬೇಕು, ಹನ್ನೆರಡು ವಿಭಾಗಗಳ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು, ಕೊನೆಗೆ ‘ಸಲ್ಲಿಸಿ’ ಎಂಬ ಗುಂಡಿಯನ್ನು ಒತ್ತಿದರೆ ಕೆಳಗಿನ ಸಂದಿಯಿಂದ ಟೋಕನ್ ಚೀಟಿ ಹೊರಬರುತ್ತದೆ. ನಮ್ಮ ಕಚೇರಿಯಲ್ಲಿ ನಾವೇ ಪರೀಕ್ಷಿಸಿದಾಗ ಇಷ್ಟಕ್ಕೂ ಒಂದು ನಿಮಿಷ ಕೂಡ ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಮಾತ್ರ ಯಂತ್ರದ ಮುಂದಿನ ಸಾಲು ಹಳೆಯ ಕೌಂಟರಿನ ಸಾಲಿಗಿಂತ ಉದ್ದವಾಗುತ್ತಿದೆ. ವಯಸ್ಸಾದವರು ಅರ್ಧಕ್ಕೆ ಬಿಟ್ಟು ಕೌಂಟರಿಗೆ ಹೋಗುತ್ತಾರೆ. ಕೆಲವರಿಗೆ ಒಂದರ ಬದಲು ಎರಡು, ಮೂರು ಟೋಕನ್ ಬರುತ್ತವೆ. ಹಾಗಾಗಿ ಒಳಗೆ ಡಾಕ್ಟರರ ಬಾಗಿಲಲ್ಲಿ ಕರೆದ ಸಂಖ್ಯೆಗೆ ಯಾರೂ ಎದ್ದು ಬರುವುದಿಲ್ಲ.

ಮೊದಲ ವಾರ ದೂರು ಬಂದಾಗ ಯಂತ್ರದ ಪಕ್ಕದ ಗೋಡೆಗೆ ಒಂದು ಸೂಚನಾ ಪತ್ರ ಅಂಟಿಸಿದೆವು. ಎರಡನೆಯ ವಾರ ‘ಒಂದೇ ಸಲ ಒತ್ತಿರಿ’ ಎಂದು ಕೆಂಪು ಅಕ್ಷರದ ಇನ್ನೊಂದು ಚೀಟಿ ಬಂತು. ಮೂರನೆಯದನ್ನು ಆಸ್ಪತ್ರೆಯವರೇ ಅಂಟಿಸಿದ್ದಾರೆ: ‘ಗೊತ್ತಾಗದಿದ್ದರೆ ಸೆಕ್ಯುರಿಟಿಯವರನ್ನು ಕೇಳಿ’. ನಮ್ಮ ಮ್ಯಾನೇಜರರ ಪ್ರಕಾರ ಜನಕ್ಕೆ ಇನ್ನೂ ಅಭ್ಯಾಸವಾಗಿಲ್ಲ ಅಷ್ಟೆ, ಒಂದು ವಿಡಿಯೊ ಮಾಡಿ ಟಿವಿಯಲ್ಲಿ ಹಾಕಿದರೆ ಸರಿಹೋಗುತ್ತದೆ. ತಪ್ಪು ಪರದೆಯದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತಿದೆ. ಆದರೆ ‘ನನಗೆ ಅನ್ನಿಸುತ್ತಿದೆ’ ಎಂದರೆ ಸಭೆಯಲ್ಲಿ ಯಾರು ಕೇಳುತ್ತಾರೆ? ಮಾನವ ಕೇಂದ್ರಿತ ವಿನ್ಯಾಸ (ಬಳಸುವವರನ್ನು ಮುಂದಿಟ್ಟುಕೊಂಡು ಮಾಡುವ ವಿನ್ಯಾಸ), ಯೂಸೆಬಿಲಿಟಿ (ಬಳಕೆಗೆ ಒದಗುವ ಗುಣ) ಎನ್ನುವುದಕ್ಕೆ ಎದುರಿಗಿಟ್ಟು ಮಾತಾಡಬಹುದಾದ ಗಟ್ಟಿ ತತ್ವಗಳಿವೆಯೇ, ಅಥವಾ ಅದು ಅವರವರ ರುಚಿಯ ವಿಷಯವೇ? ಹಣವಿಲ್ಲದೆ, ಹದಿನೈದು ದಿನಗಳ ಒಳಗೆ ಪರೀಕ್ಷೆ ಮಾಡುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1: ಬಸವನಗುಡಿ ಬೆಂಚು

ತತ್ವಗಳಿವೆ. ಅವು ರುಚಿಯ ವಿಷಯವಲ್ಲ, ಹೊಸವೂ ಅಲ್ಲ. 1985ರಲ್ಲಿ ಐಬಿಎಂ ಸಂಶೋಧಕರಾದ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ಮಾತು ಹೇಳಿದರು. ಬಳಸುವವರು ಯಾರು, ಅವರ ಕೆಲಸವೇನು ಎಂಬುದನ್ನು ಶುರುವಿನಲ್ಲಿಯೇ ಹೋಗಿ ನೋಡಬೇಕು. ಅವರ ಕೈಗೆ ಕೊಟ್ಟು ಅಳೆಯಬೇಕು. ಅಳತೆಯಲ್ಲಿ ಕಂಡದ್ದನ್ನು ತಿದ್ದಿ ಮತ್ತೆ ಕೊಡಬೇಕು. ಇವು ಎಲ್ಲರಿಗೂ ಗೊತ್ತಿರುವ ಸಂಗತಿಗಳೇ ಅಲ್ಲವೇ ಎಂದು ನಿಮ್ಮ ಮ್ಯಾನೇಜರ್ ಕೇಳಬಹುದು. ಅವರಿಬ್ಬರೂ ಇದೇ ಮಾತನ್ನು ನಿರೀಕ್ಷಿಸಿ, ವ್ಯವಸ್ಥೆಗಳನ್ನು ಕಟ್ಟುವವರನ್ನು ಕೇಳಿ ನೋಡಿದ್ದರು. ಮೂರನ್ನೂ ಹೇಳಿದವರು ಕೆಲವರು ಮಾತ್ರ.

ಸಭೆಯಲ್ಲಿ ಮೇಜಿನ ಮೇಲಿಡಲು ಇನ್ನೂ ಗಟ್ಟಿಯಾದದ್ದು ಬೇಕಿದ್ದರೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಐಎಸ್‌ಒ 9241 ಮಾನದಂಡದ 11ನೇ ಭಾಗವನ್ನು ನೋಡಿ. 1998ರಲ್ಲಿ ಬಂದು 2018ರಲ್ಲಿ ಪರಿಷ್ಕೃತವಾದ ಅದರ ಪ್ರಕಾರ ಯೂಸೆಬಿಲಿಟಿ ಎಂದರೆ ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಸನ್ನಿವೇಶದಲ್ಲಿ, ನಿರ್ದಿಷ್ಟ ಗುರಿಯನ್ನು ಎಷ್ಟರಮಟ್ಟಿಗೆ ಪೂರ್ತಿಯಾಗಿ, ಎಷ್ಟು ಕಡಿಮೆ ಸಮಯ, ಶ್ರಮ, ಖರ್ಚಿನಲ್ಲಿ, ಎಷ್ಟು ಸಮಾಧಾನದಿಂದ ಮುಟ್ಟುತ್ತಾರೆ ಎಂಬುದು. ಇಲ್ಲಿ ‘ನಿರ್ದಿಷ್ಟ’ ಎಂಬ ಮಾತು ಮೂರು ಸಲ ಬಂದಿರುವುದನ್ನು ಗಮನಿಸಿ. ನಿಮ್ಮ ಕಚೇರಿಯಲ್ಲಿ ಸಿಕ್ಕಿದ ಒಂದು ನಿಮಿಷದ ಅಳತೆ ಸುಳ್ಳಲ್ಲ, ಆದರೆ ಅದು ಎಸಿ ಕೋಣೆಯಲ್ಲಿ ಕೂತ, ಆ ಪರದೆಯನ್ನು ತಾನೇ ಬರೆದ, ಜೇಬಿನಲ್ಲಿ ತನ್ನದೇ ಮೊಬೈಲ್ ಇರುವ, ಮೈಯಲ್ಲಿ ಜ್ವರವಿಲ್ಲದ ಮನುಷ್ಯನ ಅಳತೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಈಗ ಪರೀಕ್ಷೆಯ ವಿಷಯ. ಐದು ಜನ ಸಾಕು ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಹಿಂದೆ ಯೂಸೆಬಿಲಿಟಿ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ಒಬ್ಬ ಬಳಕೆದಾರನನ್ನು ನೋಡಿದರೆ ಸರಾಸರಿ ಶೇಕಡಾ 31ರಷ್ಟು ತೊಂದರೆಗಳು ಕಣ್ಣಿಗೆ ಬೀಳುತ್ತವೆ ಎಂದುಕೊಂಡರೆ, ಐದನೆಯವನ ಹೊತ್ತಿಗೆ ಶೇಕಡಾ 85ರ ಹತ್ತಿರ ಬಂದಿರುತ್ತೀರಿ. ಈ 31 ಎಂಬುದು ಅವರು ನೋಡಿದ ಯೋಜನೆಗಳ ಸರಾಸರಿ, ನಿಮ್ಮ ಯಂತ್ರದ ಸಂಖ್ಯೆ ಬೇರೆ ಇದ್ದೀತು. ಐವರೂ ಒಂದೇ ಬಗೆಯವರಾಗಿದ್ದಾಗ ಮಾತ್ರ ಈ ಲೆಕ್ಕ ಹೊಂದುತ್ತದೆ ಎಂಬುದನ್ನೂ ಮರೆಯಬೇಡಿ. ಓದಲು ಬರುವವರು, ಬಾರದವರು, ರೋಗಿಯ ಜೊತೆಗೆ ಬಂದವರು, ಪ್ರತಿ ಬಗೆಯಿಂದಲೂ ಮೂರು ನಾಲ್ಕು ಜನರನ್ನು ನೋಡಿ. ಮೊದಲ ಐವರಲ್ಲಿ ಕಂಡದ್ದನ್ನು ತಿದ್ದಿ, ತಿದ್ದಿದ್ದನ್ನು ಇನ್ನೈವರಿಗೆ ಕೊಡುವುದು ಒಂದೇ ಸಲಕ್ಕೆ ಹತ್ತು ಜನರನ್ನು ಕೂರಿಸುವುದಕ್ಕಿಂತ ಲಾಭದಾಯಕ.

ಕೇಳುವ ರೀತಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಜನ ಎದುರಿಗಿದ್ದವರ ಮನಸ್ಸು ನೋಯಿಸಲು ಇಷ್ಟಪಡುವುದಿಲ್ಲ. ‘ಹೇಗಿದೆ ಅಮ್ಮಾ?’ ಎಂದು ಕೇಳಿದರೆ ‘ಚೆನ್ನಾಗಿದೆ ಕಣಪ್ಪ, ನನಗೇ ಗೊತ್ತಾಗಲ್ಲ ಅಷ್ಟೆ’ ಎನ್ನುತ್ತಾರೆ. ಈ ಉತ್ತರದ ಮೊದಲರ್ಧ ಸೌಜನ್ಯ, ಎರಡನೆಯ ಅರ್ಧದಲ್ಲಿ ನಿಮ್ಮ ಯಂತ್ರದ ತಪ್ಪನ್ನು ಅವರು ತಮ್ಮ ಮೇಲೆ ಹೊತ್ತುಕೊಂಡಿದ್ದಾರೆ. ಆದ್ದರಿಂದ ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ. ‘ಮೊಣಕಾಲು ನೋವಿಗೆ ಟೋಕನ್ ತಗೊಳ್ಳಿ ನೋಡೋಣ, ಮಾಡುತ್ತಾ ಏನು ಯೋಚನೆ ಬರುತ್ತದೋ ಬಾಯಿಬಿಟ್ಟು ಹೇಳುತ್ತಿರಿ’ ಎಂದು ಹೇಳಿ ಪಕ್ಕದಲ್ಲಿ ಸುಮ್ಮನೆ ನಿಲ್ಲಿ. ಅವರ ಬೆರಳು ಗುಂಡಿಯ ಮೇಲೆ ತೂಗಾಡುತ್ತಿರುವಾಗ ಬಾಯಿ ಮುಚ್ಚಿಕೊಂಡಿರುವುದು ಈ ವೃತ್ತಿಯಲ್ಲಿ ಅತಿ ಕಷ್ಟದ ಕೆಲಸ. ನನಗೆ ಅದನ್ನು ಕಲಿಯಲು ವರ್ಷಗಳೇ ಹಿಡಿದವು.

ಅಂದಹಾಗೆ ಆ ಮೂರು ಚೀಟಿಗಳನ್ನು ಕಿತ್ತು ಎಸೆಯಬೇಡಿ. ಯಂತ್ರ ಎಲ್ಲೆಲ್ಲಿ ಸೋತಿದೆ ಎಂಬ ಪಟ್ಟಿಯನ್ನು ಯಾರೋ ಆಗಲೇ ನಿಮಗೆ ಬರೆದುಕೊಟ್ಟಿದ್ದಾರೆ.

ಉತ್ತರ 2: ಜಾಲಹಳ್ಳಿ ನಿವೃತ್ತ

ನಾನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿದವನು, ಪರದೆಗಳಿಗಿಂತ ಗುಂಡಿ ಮತ್ತು ದೀಪಗಳ ಪರಿಚಯ ನನಗೆ ಹೆಚ್ಚು. ನಿಮ್ಮ ಎರಡು ಮೂರು ಟೋಕನ್‌ಗಳ ಸಮಸ್ಯೆಯ ಬಗ್ಗೆ ಮಾತ್ರ ಹೇಳುತ್ತೇನೆ.

‘ಸಲ್ಲಿಸಿ’ ಒತ್ತಿದ ಮೇಲೆ ಚೀಟಿ ಹೊರಬರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ಪರದೆಯ ಮೇಲೆ ಏನು ಕಾಣುತ್ತದೆ ಎಂದು ನೀವು ಬರೆದಿಲ್ಲ. ಏನೂ ಕಾಣುವುದಿಲ್ಲ ಎಂದು ನನ್ನ ಊಹೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಪ್ರತಿಕ್ರಿಯೆ ಬಂದರೆ ಮನುಷ್ಯನಿಗೆ ತಾನೇ ಮಾಡಿದ ಹಾಗೆ ಅನ್ನಿಸುತ್ತದೆ, ಒಂದು ಸೆಕೆಂಡು ದಾಟಿದರೆ ಯೋಚನೆಯ ಎಳೆ ಸಡಿಲವಾಗುತ್ತದೆ, ಹತ್ತು ಸೆಕೆಂಡಾದರೆ ಗಮನವೇ ಬೇರೆ ಕಡೆಗೆ ಹೋಗುತ್ತದೆ. ನೀಲ್ಸನ್ ತಮ್ಮ ಬರಹಗಳಲ್ಲಿ ಜನಪ್ರಿಯಗೊಳಿಸಿದ ಈ ಮಿತಿಗಳು ಇಂದಿಗೂ ಬದಲಾಗಿಲ್ಲ, ಏಕೆಂದರೆ ಮನುಷ್ಯನ ಮಿದುಳು ಬದಲಾಗಿಲ್ಲ. ಒತ್ತಿದ ಗುಂಡಿ ಉತ್ತರ ಕೊಡದಿದ್ದರೆ ಯಾರಾದರೂ ಮತ್ತೆ ಒತ್ತುತ್ತಾರೆ. ಲಿಫ್ಟಿನ ಮುಂದೆ ನಾವೆಲ್ಲರೂ ಮಾಡುವುದು ಅದನ್ನೇ.

ಇದಕ್ಕೆ ಪರಿಹಾರವನ್ನು ನೀವು ನಿಮ್ಮ ಕೈಯಿಂದಲೇ ಬಳಸಿದ್ದೀರಿ. ನಮ್ಮ ಮತಯಂತ್ರವನ್ನು ನೆನಪಿಸಿಕೊಳ್ಳಿ. ದೇಶದಲ್ಲಿ ಅದನ್ನು ತಯಾರಿಸುವ ಎರಡು ಸಾರ್ವಜನಿಕ ಉದ್ದಿಮೆಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ನಮ್ಮ ಬೆಂಗಳೂರಿನದೇ. ಒಂದು ಸಾಲಿನಲ್ಲಿ ಅಭ್ಯರ್ಥಿಯ ಹೆಸರು, ಭಾವಚಿತ್ರ, ಚಿಹ್ನೆ. ಅದೇ ಸಾಲಿನ ತುದಿಯಲ್ಲಿ ನೀಲಿ ಗುಂಡಿ. ಯಾವ ಗುಂಡಿ ಯಾರದ್ದು ಎಂದು ನೆನಪಿಟ್ಟುಕೊಳ್ಳುವ ಗೋಜಿಲ್ಲ, ಸಾಲಿನ ಉದ್ದಕ್ಕೂ ಬೆರಳು ಓಡಿಸಿದರೆ ಸಾಕು. ಒತ್ತಿದ ತಕ್ಷಣ ಆ ಸಾಲಿನಲ್ಲಿಯೇ ಕೆಂಪು ದೀಪ ಹೊತ್ತುತ್ತದೆ, ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ, ಉದ್ದನೆಯ ಬೀಪ್ ಕೇಳಿಸುತ್ತದೆ. ಕಣ್ಣು ಕಾಣದವರಿಗೆ ಗುಂಡಿಯ ಬಳಿ ಬ್ರೈಲ್ ಅಂಕಿ ಇದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು: ಒಮ್ಮೆ ಒತ್ತಿದ ಮೇಲೆ ನೀವು ಹತ್ತು ಸಲ ಒತ್ತಿದರೂ ಎರಡನೆಯ ಮತ ಬೀಳುವುದಿಲ್ಲ. ಮತಗಟ್ಟೆಯ ಅಧಿಕಾರಿ ತಮ್ಮ ಕಂಟ್ರೋಲ್ ಯೂನಿಟ್‌ನಲ್ಲಿ ‘ಬ್ಯಾಲಟ್’ ಗುಂಡಿಯನ್ನು ಒತ್ತಿ ಮುಂದಿನವರಿಗೆ ಅವಕಾಶ ಕೊಡುವವರೆಗೆ ಯಂತ್ರ ಬಾಗಿಲು ಹಾಕಿಕೊಂಡಿರುತ್ತದೆ. ಅಲ್ಲಿ ‘ಒಂದೇ ಸಲ ಒತ್ತಿರಿ’ ಎಂಬ ಕೆಂಪು ಚೀಟಿಯನ್ನು ನೆಚ್ಚಿಕೊಂಡು ಯಾರೂ ಕೂತಿಲ್ಲ. ಎರಡನೆಯ ಸಲ ಒತ್ತುವುದು ತಪ್ಪೇ ಆಗದ ಹಾಗೆ ಯಂತ್ರವನ್ನು ಕಟ್ಟಿದ್ದಾರೆ. ನಿಮ್ಮ ಕೋಡಿನಲ್ಲಿ ಇದು ನಾಲ್ಕು ಸಾಲಿನ ಕೆಲಸ.

ಇನ್ನೊಂದು ಮಾತು. ‘ಮುದ್ರಣವಾಗುತ್ತಿದೆ’ ಎಂದು ತೋರಿಸುವಾಗ ನಿಜವಾಗಿ ಮುದ್ರಣವಾಗುತ್ತಿದೆಯೇ ಎಂದು ಪ್ರಿಂಟರನ್ನು ಕೇಳಿ ತೋರಿಸಿ, ಆದೇಶ ಕಳುಹಿಸಿದ್ದೇವೆ ಎಂಬ ಧೈರ್ಯದ ಮೇಲೆ ತೋರಿಸಬೇಡಿ. 1979ರ ಮಾರ್ಚ್ 28ರಂದು ಅಮೆರಿಕದ ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ತೆರೆದಲ್ಲಿಯೇ ಸಿಕ್ಕಿಕೊಂಡಿತು. ಫಲಕದ ಮೇಲಿನ ದೀಪ ಆರಿತ್ತು, ಆದ್ದರಿಂದ ಸಿಬ್ಬಂದಿ ಕವಾಟ ಮುಚ್ಚಿದೆ ಎಂದು ತಿಳಿದರು. ಆ ದೀಪ ಹೇಳುತ್ತಿದ್ದದ್ದು ಮುಚ್ಚುವ ಆದೇಶ ಹೋಗಿದೆ ಎಂಬುದನ್ನು ಮಾತ್ರ, ಕವಾಟ ಮುಚ್ಚಿದೆ ಎಂಬುದನ್ನಲ್ಲ. ಎರಡು ಗಂಟೆಗೂ ಹೆಚ್ಚು ಹೊತ್ತು ತಂಪುನೀರು ಹರಿದುಹೋಗಿ ಸ್ಥಾವರದ ಗರ್ಭದ ಒಂದು ಭಾಗ ಕರಗಿತು. ಟೋಕನ್ ಯಂತ್ರಕ್ಕೆ ಇಷ್ಟು ದೊಡ್ಡ ಉದಾಹರಣೆ ಅತಿಯಾಯಿತು ಎನ್ನಬಹುದು, ಆದರೆ ಪೇಪರ್ ರೋಲ್ ಮುಗಿದಿರುವಾಗ ‘ಟೋಕನ್ ಪಡೆದುಕೊಳ್ಳಿ, ಧನ್ಯವಾದಗಳು’ ಎಂದು ಹಸಿರು ಬಣ್ಣದಲ್ಲಿ ತೋರಿಸುವ ಪರದೆಯ ತಪ್ಪು ಅದೇ ಜಾತಿಯದು.

ತರಬೇತಿ ಕೊಟ್ಟರೆ ಸರಿಹೋಗುತ್ತದೆ ಎನ್ನುವವರಿಗೆ ಎರಡನೇ ಮಹಾಯುದ್ಧದ ಬಿ-17 ವಿಮಾನದ ಕಥೆ ಹೇಳಿ. ಕೆಳಗಿಳಿದ ಮೇಲೆ ರೆಕ್ಕೆಯ ಫ್ಲ್ಯಾಪ್ ಎತ್ತಲು ಹೋಗಿ ಪೈಲಟ್‌ಗಳು ಚಕ್ರಗಳನ್ನೇ ಒಳಗೆಳೆದುಕೊಳ್ಳುತ್ತಿದ್ದರು. ಅವರು ತರಬೇತಿಯಿಲ್ಲದವರಾಗಿರಲಿಲ್ಲ. ಮನಶ್ಶಾಸ್ತ್ರಜ್ಞ ಆಲ್ಫಾನ್ಸ್ ಚಪಾನಿಸ್ ಕಾಕ್‌ಪಿಟ್ಟಿಗೆ ಹೋಗಿ ನೋಡಿದರೆ ಎರಡೂ ಹಿಡಿಗಳು ಅಕ್ಕಪಕ್ಕದಲ್ಲಿ, ಒಂದೇ ಆಕಾರದಲ್ಲಿ ಇದ್ದವು. ಚಕ್ರದ ಹಿಡಿಯ ತುದಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲ್ಯಾಪಿನದಕ್ಕೆ ಬೆಣೆಯಾಕಾರದ ತುಂಡನ್ನೂ ಜೋಡಿಸಿದರು. ಕೈಗೇ ಗೊತ್ತಾಗತೊಡಗಿತು. ನಮ್ಮ ಮನೆಯ ಸ್ವಿಚ್‌ಬೋರ್ಡಿನಲ್ಲಿ ಎಂಟು ಸ್ವಿಚ್ಚುಗಳು ಸಾಲಾಗಿ ನಿಂತಿವೆ. ಇಪ್ಪತ್ತು ವರ್ಷದಿಂದ ಅದೇ ಮನೆಯಲ್ಲಿದ್ದರೂ ಫ್ಯಾನ್ ಹಾಕಲು ಹೋಗಿ ಟ್ಯೂಬ್‌ಲೈಟ್ ಹಾಕುತ್ತೇನೆ. ನನಗೆ ಇನ್ನೆಷ್ಟು ತರಬೇತಿ ಬೇಕು?

ಉತ್ತರ 3: ಡೆಡ್‌ಲೈನ್ ದಾಸ

ಎಲ್ಲರೂ ಒಂದೇ ಕಡೆಗೆ ವಾಲುತ್ತಿರುವುದರಿಂದ ಮ್ಯಾನೇಜರರ ಪರವಾಗಿ ನಾಲ್ಕು ಮಾತು ಆಡುತ್ತೇನೆ, ನಾನೂ ಅದೇ ಕುರ್ಚಿಯಲ್ಲಿ ಕೂತವನು. ಜನ ಕಲಿಯುತ್ತಾರೆ. 2016ರಲ್ಲಿ ಯುಪಿಐ ಬಂದಾಗ ತರಕಾರಿ ಗಾಡಿಯವರು ಇದನ್ನು ಬಳಸುವುದುಂಟೇ ಎಂದು ನಕ್ಕವರು ನಮ್ಮಲ್ಲಿಯೇ ಇದ್ದರು. ಇಂದು ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಹೂವು ಮಾರುವವರ ಬುಟ್ಟಿಯ ಮೇಲೂ ಕ್ಯೂಆರ್ ಹಾಳೆ ಇದೆ. ಮಾನವ ಕೇಂದ್ರಿತ ವಿನ್ಯಾಸದ ಮಾತಿಗೆಲ್ಲ ಹಿರಿಯರೆಂದು ಎಲ್ಲರೂ ಹೆಸರಿಸುವ ಡಾನ್ ನಾರ್ಮನ್ ಅವರೇ 2005ರಲ್ಲಿ ಈ ವಿಧಾನದಿಂದ ಹಾನಿಯೂ ಉಂಟು ಎಂಬರ್ಥದ ಲೇಖನ ಬರೆದರು. ಕಾರು, ಸಂಗೀತ ವಾದ್ಯಗಳಂಥ ವಸ್ತುಗಳು ಬಳಕೆದಾರರ ಅಧ್ಯಯನದಿಂದ ಹುಟ್ಟಿದವಲ್ಲ, ಮಾಡುವ ಕೆಲಸವನ್ನು ಅರ್ಥ ಮಾಡಿಕೊಂಡವರು ಕಟ್ಟಿದರು, ಜನ ಅದಕ್ಕೆ ಹೊಂದಿಕೊಂಡರು ಎಂಬುದು ಅವರ ವಾದ. 1958ರಲ್ಲಿ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ, ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಮೇಲೆಂದು ಹೊಗಳಿದ್ದು ನಮ್ಮ ಚೊಂಬನ್ನು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದೇ ಆ ವರದಿಯಿಂದ. ಆ ಚೊಂಬನ್ನು ಯಾವ ಡಿಸೈನರ್ ಮಾಡಿದ? ಐದು ಜನರನ್ನು ಕೂರಿಸಿ ಪರೀಕ್ಷಿಸಿದವರು ಯಾರು?

ವಿಡಿಯೊ ಬೇಡ ಎನ್ನುವುದಕ್ಕಿಂತ ವಿಡಿಯೊ ಮಾಡಿ, ಜೊತೆಗೆ ಆ ಎರಡನೆಯ ಒತ್ತುವಿಕೆಯನ್ನು ತಡೆಯುವ ನಾಲ್ಕು ಸಾಲು ಬರೆದು ಮುಂದಿನ ಕೆಲಸಕ್ಕೆ ಹೋಗಿ ಎಂಬುದು ನನ್ನ ಸಲಹೆ.

ಬಸವನಗುಡಿ ಬೆಂಚು (ದಾಸರಿಗೆ)

ದಾಸರೇ, ನಾರ್ಮನ್ ಅವರ ಆ ಲೇಖನ ಓದಬೇಕಾದದ್ದೇ, ಆದರೆ ಅದನ್ನು ಇಲ್ಲಿಗೆ ತಂದು ನಿಲ್ಲಿಸಿದರೆ ಅದು ನಿಮ್ಮ ಪಕ್ಷ ವಹಿಸುವುದಿಲ್ಲ. ವೀಣೆ ಕಲಿಯುವವರು ಹತ್ತು ವರ್ಷ ದಿನಾ ಕೂರುತ್ತಾರೆ, ಕಾರು ಕಲಿಯುವವರು ಲೈಸೆನ್ಸ್ ಪರೀಕ್ಷೆ ಬರೆಯುತ್ತಾರೆ. ಮೊಣಕಾಲು ನೋವಿನ ಅಜ್ಜಿ ಆ ಯಂತ್ರದ ಮುಂದೆ ವರ್ಷಕ್ಕೆ ಎರಡು ಸಲ ನಿಲ್ಲುತ್ತಾರೆ, ಎರಡನೆಯ ಸಲ ಬರುವಷ್ಟರಲ್ಲಿ ಮೊದಲನೆಯ ಸಲದ್ದು ಮರೆತಿರುತ್ತದೆ. ಹೊಂದಿಕೊಳ್ಳಲು ಅವರಿಗೆ ಸಮಯ ಎಲ್ಲಿದೆ? ಇನ್ನು ಕೆಲಸವನ್ನು ಅರ್ಥ ಮಾಡಿಕೊಂಡು ಕಟ್ಟಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಇಲ್ಲಿ ಕೆಲಸ ಎಂದರೆ ಡಾಕ್ಟರರ ಬಾಗಿಲನ್ನು ಮುಟ್ಟುವುದು, ಓಟಿಪಿ ತುಂಬುವುದಲ್ಲ.

ಯುಪಿಐ ಉದಾಹರಣೆಯನ್ನೂ ಪೂರ್ತಿ ನೋಡಿ. ವ್ಯಾಪಾರಿ ಅದನ್ನು ನಂಬತೊಡಗಿದ್ದರಲ್ಲಿ ‘ನೂರಾ ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗುವ ಆ ಪುಟ್ಟ ಪೆಟ್ಟಿಗೆಯ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ. ದೋಸೆ ಹಾಕುವವರ ಕೈಯಲ್ಲಿ ಹಿಟ್ಟಿರುತ್ತದೆ, ಕಣ್ಣು ಕಾವಲಿಯ ಮೇಲಿರುತ್ತದೆ, ಬಿಡುವಾಗಿರುವುದು ಕಿವಿ ಒಂದೇ. ಆ ಕಿವಿಗೆ ಸುದ್ದಿ ಮುಟ್ಟಿಸಬೇಕೆಂದು ಯಾರೋ ಅಂಗಡಿಯ ಮುಂದೆ ನಿಂತು ನೋಡಿದ ಮೇಲೆಯೇ ತಾನೆ ಹೊಳೆದಿರಬೇಕು? ಚೊಂಬಿನ ವಿಷಯಕ್ಕೆ ಬಂದರೆ, ಒಬ್ಬ ಡಿಸೈನರ್ ಮಾಡಲಿಲ್ಲ ನಿಜ, ಎಷ್ಟೋ ತಲೆಮಾರುಗಳ ಕೈಗಳು ಮಾಡಿದವು ಎಂದು ಈಮ್ಸ್ ದಂಪತಿಯೇ ಬರೆದಿದ್ದಾರೆ. ಕಂಠ ಸಣ್ಣದಾಗಿ ಹಿಡಿತಕ್ಕೆ ಸಿಗದಿದ್ದರೆ ಅದನ್ನು ಮಾಡಿದವನ ಹೆಂಡತಿಯೇ ಮರುದಿನ ಬೈದಿರುತ್ತಾಳೆ. ನಮ್ಮ ಪ್ರಶ್ನೆ ಕೇಳಿದವರ ಬಳಿ ಇರುವುದು ಹದಿನೈದು ದಿನ.

ಉತ್ತರ 4: ಒತ್ತಕ್ಷರ

ಅಕ್ಷರಗಳ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಆ್ಯಪ್‌ಗಳನ್ನು ಕನ್ನಡಕ್ಕೆ ತರುವುದು ನನ್ನ ಕಸುಬು. ನಿಮ್ಮ ಪರದೆಯನ್ನು ಮೊದಲು ಇಂಗ್ಲಿಷಿನಲ್ಲಿ ಮಾಡಿ, ಗುಂಡಿಗಳ ಎತ್ತರವನ್ನು ಗೊತ್ತುಪಡಿಸಿ, ಆಮೇಲೆ ಅದೇ ಪೆಟ್ಟಿಗೆಗಳಲ್ಲಿ ಕನ್ನಡವನ್ನು ತುಂಬಿದ್ದರೆ (ಎಲ್ಲರೂ ಹಾಗೆಯೇ ಮಾಡುತ್ತಾರೆ) ಪಟ್ಟಿಯನ್ನು ಈಗಲೇ ತೆರೆದು ‘ಸ್ತ್ರೀರೋಗ ವಿಭಾಗ’ ಎಂಬ ಗುಂಡಿಯನ್ನು ಹತ್ತಿರದಿಂದ ನೋಡಿ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ‘ಸ್ತ್ರೀ’ಯಲ್ಲಂತೂ ಸಕಾರದ ಕೆಳಗೆ ತಕಾರ ರಕಾರ ಎರಡೂ ಇವೆ. ಇಂಗ್ಲಿಷಿಗೆಂದು ಇಟ್ಟ ಸಾಲಿನ ಎತ್ತರ ಇವಕ್ಕೆ ಸಾಲುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಅವು ಕತ್ತರಿಸಿಹೋದರೆ ಉಳಿಯುವುದು ‘ಸೀರೋಗ’. ‘ನೇತ್ರ’ ಹೋಗಿ ‘ನೇತ’ ಆಗುತ್ತದೆ, ‘ಮಕ್ಕಳು’ ಹೋಗಿ ‘ಮಕಳು’ ಆಗುತ್ತದೆ. ಓದಲು ಬರುವವರು ಊಹಿಸಿಕೊಂಡು ಓದುತ್ತಾರೆ, ಅಕ್ಷರ ಕೂಡಿಸಿ ಓದುವವರು ಅಲ್ಲಿಯೇ ನಿಲ್ಲುತ್ತಾರೆ. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಹೆಚ್ಚಿಗೆ ಇಟ್ಟು, ‘ಸ್ತ್ರೀ’ ಎಂಬ ಒಂದು ಪದವನ್ನು ಎಲ್ಲ ಪರದೆಗಳಲ್ಲೂ ಹಾಕಿ ನೋಡುವುದು ನನ್ನ ರೂಢಿ.

ಅದಕ್ಕಿಂತ ದೊಡ್ಡ ಪ್ರಶ್ನೆ ಪದಗಳದ್ದು. ನೀಲ್ಸನ್ 1994ರಲ್ಲಿ ಅಂತಿಮಗೊಳಿಸಿದ ಯೂಸೆಬಿಲಿಟಿಯ ಹತ್ತು ಸೂತ್ರಗಳಲ್ಲಿ ಎರಡನೆಯದು, ವ್ಯವಸ್ಥೆ ಬಳಕೆದಾರರ ಲೋಕದ ಮಾತನ್ನು ಆಡಬೇಕು ಎನ್ನುತ್ತದೆ. ‘ಅಸ್ಥಿರೋಗ ವಿಭಾಗ’ ಎಂಬುದು ಯಾರ ಲೋಕದ ಮಾತು? ಬಂದವರು ಕೇಳುವುದು ‘ಮೂಳೆ ಡಾಕ್ಟರು ಎಲ್ಲಿ?’ ಎಂದು. ‘ಕರ್ಣ, ನಾಸಿಕ ಮತ್ತು ಗಂಟಲು’ ಎಂದು ಬರೆದ ಪರದೆಯನ್ನು ನಾನೇ ತಿದ್ದಿದ್ದೇನೆ. ಕಿವಿ, ಮೂಗು, ಗಂಟಲು ಎಂದರೆ ಆಸ್ಪತ್ರೆಯ ಗೌರವಕ್ಕೆ ಕುಂದೇನೂ ಬಾರದು. ಜೊತೆಗೆ ಮೂಳೆಯ ಚಿತ್ರ, ಕಣ್ಣಿನ ಚಿತ್ರ ಹಾಕಿ, ಆದರೆ ಚಿತ್ರವನ್ನಷ್ಟೇ ನಂಬಬೇಡಿ. ಹೊಟ್ಟೆಯ ಚಿತ್ರವನ್ನು ನೋಡಿ ಅದು ಬಸುರಿಯರ ವಿಭಾಗ ಎಂದುಕೊಂಡವರನ್ನು ನಾನು ಕಂಡಿದ್ದೇನೆ.

ಹೆಸರು ಟೈಪ್ ಮಾಡಿಸುವುದನ್ನು ದಯವಿಟ್ಟು ಬಿಟ್ಟುಬಿಡಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ನುಡಿ ತಂತ್ರಾಂಶದಲ್ಲಿ ಬಳಸಿ ಪಳಗಿದವರಿಗೆ ಕನ್ನಡ ಟೈಪಿಂಗ್ ಸಲೀಸು, ಅದು ಜಾಣ ವಿನ್ಯಾಸವೂ ಹೌದು. ಆದರೆ ನಿಂತುಕೊಂಡು, ಗಾಜಿನ ಮೇಲೆ, 49 ಅಕ್ಷರಗಳ ನಡುವೆ ‘ಪುಟ್ಟಲಕ್ಷ್ಮಮ್ಮ’ ಎಂದು ಹುಡುಕಿ ಒತ್ತಿ ನೋಡಿ, ಒಂದೇ ಹೆಸರಿನಲ್ಲಿ ನಾಲ್ಕು ಒತ್ತಕ್ಷರಗಳಿವೆ. ಭಾಷೆ ಆರಿಸುವ ಮೊದಲ ಪರದೆಯಲ್ಲಿ ಪ್ರತಿ ಭಾಷೆಯ ಹೆಸರು ಅದರದೇ ಲಿಪಿಯಲ್ಲಿರಲಿ. ಪಶ್ಚಿಮ ಬೆಂಗಳೂರಿನಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು ಮನೆಮಾತಿನವರೂ ಬರುತ್ತಾರೆ, ಮಾತು ತಿಳಿದು ಲಿಪಿ ತಿಳಿಯದವರೂ ಬರುತ್ತಾರೆ. ಅಂಥವರಿಗೆ ಧ್ವನಿಯ ಒಂದು ಸಾಲು ಹತ್ತು ಚೀಟಿಗಳಿಗಿಂತ ಮೇಲು. ಬೂದು ಹಿನ್ನೆಲೆಯ ಮೇಲೆ ತಿಳಿನೀಲಿ ಅಕ್ಷರಗಳಿದ್ದರೆ ಬದಲಿಸಿ. ವೆಬ್ ಪುಟಗಳು ಎಲ್ಲರ ಬಳಕೆಗೂ ಎಟುಕಬೇಕೆನ್ನುವ ವೆಬ್ ಸುಗಮ್ಯತೆಯ ಮಾರ್ಗಸೂಚಿ 2008ರಿಂದಲೂ ಅಕ್ಷರ ಮತ್ತು ಹಿನ್ನೆಲೆಯ ನಡುವೆ ಕನಿಷ್ಠ 4.5:1 ಅನುಪಾತದ ಹೊಳಪಿನ ವ್ಯತ್ಯಾಸ ಕೇಳುತ್ತಿದೆ, ಬಾಗಿಲಿನ ಬಿಸಿಲಿಗೆ ಅದೂ ಸಾಲದು.

ಕಾರ್ಡ್ ರೋಡ್ ಪಶ್ಚಿಮ (ಹನ್ನೊಂದು ದಿನಗಳ ನಂತರ)

ಎಲ್ಲರಿಗೂ ಕೃತಜ್ಞತೆಗಳು. ಹೇಳಿದ ಹಾಗೆಯೇ ಎರಡು ದಿನ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಆಸ್ಪತ್ರೆಯ ಒಪ್ಪಿಗೆ ಪಡೆದು ಯಂತ್ರದ ಪಕ್ಕ ನಿಂತೆ. ಒಪ್ಪಿದವರಿಗೆ ಮಾತ್ರ ಕೆಲಸ ಕೊಟ್ಟು ನೋಡಿದೆ, ಹೆಸರನ್ನಾಗಲೀ ಕಾಯಿಲೆಯನ್ನಾಗಲೀ ಬರೆದುಕೊಳ್ಳಲಿಲ್ಲ.

ಮೊದಲ ದಿನದ ಮೊದಲ ಅರ್ಧ ಗಂಟೆಯಲ್ಲಿಯೇ ಗೊತ್ತಾದದ್ದು, ನನ್ನ ಯಂತ್ರದ ನಿಜವಾದ ಬಳಕೆದಾರರು ಸೆಕ್ಯುರಿಟಿ ಅಣ್ಣ. ಬಂದವರು ಮೂರನೆಯ ಚೀಟಿಯನ್ನು ಓದುವುದಕ್ಕೂ ಮೊದಲೇ ಅವರ ಮುಖ ನೋಡುತ್ತಾರೆ, ಅವರು ಎದ್ದು ಬಂದು ಎಲ್ಲರ ಪರವಾಗಿ ಒತ್ತುತ್ತಾರೆ. ಓಟಿಪಿ ಪರದೆ ಬಂದಾಗ ಅವರೊಂದು ಉಪಾಯ ಕಂಡುಕೊಂಡಿದ್ದರು: ಮೊಬೈಲ್ ತರದವರಿಗೆಲ್ಲ ತಮ್ಮದೇ ಸಂಖ್ಯೆ ಹಾಕಿಬಿಡುತ್ತಾರೆ. ನಮ್ಮ ಡೇಟಾಬೇಸಿನಲ್ಲಿ ಒಂದೇ ಮೊಬೈಲಿನ ಮೇಲೆ ಅಷ್ಟೊಂದು ರೋಗಿಗಳು ಏಕಿದ್ದಾರೆ ಎಂದು ತಲೆ ಕೆಡಿಸಿಕೊಂಡು ನಾವು ಒಂದು ವಾರ ಬಗ್ ಹುಡುಕಿದ್ದೆವು. ಒಬ್ಬ ಅಜ್ಜಿಯ ಸಂಖ್ಯೆ ಅವರ ಮಗನದ್ದು, ಮಗ ಕೆಲಸಕ್ಕೆ ಹೋಗಿದ್ದರು. ಓಟಿಪಿ ಅಲ್ಲಿಗೆ ಹೋಯಿತು, ಅಜ್ಜಿ ಇಲ್ಲಿ ನಿಂತಿದ್ದರು. ಟೋಕನ್ ಕೊಡಲು ಓಟಿಪಿ ಏಕೆ ಬೇಕು ಎಂದು ಆಸ್ಪತ್ರೆಯವರನ್ನು ಕೇಳಿದೆ. ನೀವೇ ಹಾಕಿದ್ದಲ್ಲವೇ ಎಂದರು. ನಿಜ, ಹಿಂದಿನ ಒಂದು ಯೋಜನೆಯ ಕೋಡನ್ನು ಎತ್ತಿ ತಂದಾಗ ಅದೂ ಜೊತೆಗೆ ಬಂದಿತ್ತು.

ಜಾಲಹಳ್ಳಿಯ ಹಿರಿಯರು ಊಹಿಸಿದ್ದು ಸರಿ. ಪ್ರಿಂಟರ್ ಚೀಟಿಯನ್ನು ಹೊರಹಾಕಲು ಎಂಟು ಸೆಕೆಂಡು ತೆಗೆದುಕೊಳ್ಳುತ್ತಿತ್ತು, ಪರದೆ ಅಷ್ಟು ಹೊತ್ತೂ ಅದೇ ಗುಂಡಿಯನ್ನು ತೋರಿಸುತ್ತಿತ್ತು. ಈಗ ಒತ್ತಿದ ತಕ್ಷಣ ಗುಂಡಿ ಮಾಯವಾಗಿ, ಚೀಟಿ ಬರುವ ಸಂದಿಯ ಕಡೆಗೆ ದೊಡ್ಡ ಬಾಣ ಬರುತ್ತದೆ, ‘ಕೆಳಗೆ ನೋಡಿ, ಚೀಟಿ ಬರುತ್ತಿದೆ’ ಎಂದು ಧ್ವನಿ ಹೇಳುತ್ತದೆ. ಪೇಪರ್ ಮುಗಿದಿದ್ದರೆ ಮೊದಲ ಪರದೆಯಲ್ಲಿಯೇ ಕೌಂಟರಿಗೆ ಹೋಗಲು ಹೇಳುತ್ತದೆ. ‘ಸೀರೋಗ’ ಇತ್ತು, ತಿದ್ದಿದೆವು. ವಿಭಾಗಗಳ ಗುಂಡಿಗಳು ಆ್ಯಂಡ್ರಾಯ್ಡ್ ಹೇಳುವ 48 ಡಿಪಿ (ಪರದೆಯ ಮೇಲಿನ ಅಳತೆಯ ಮಾನ), ಅಂದರೆ ಸುಮಾರು 9 ಮಿಲಿಮೀಟರ್ ಎತ್ತರಕ್ಕೆ ಸರಿಯಾಗಿಯೇ ಇದ್ದವು. ಆದರೆ ಆ ಅಳತೆ ಕೈಯಲ್ಲಿ ಹಿಡಿದ ಫೋನಿನದು. ನಿಂತು ಒತ್ತುವವರು ಅಂಗೈಯ ಅಂಚನ್ನು ಗಾಜಿಗೆ ಊರಿಕೊಳ್ಳುತ್ತಾರೆ, ಕಿರುಬೆರಳು ಕೆಳಗಿನ ವಿಭಾಗವನ್ನು ಒತ್ತಿಬಿಡುತ್ತದೆ. ಗುಂಡಿಗಳನ್ನು ಮೂರು ಪಟ್ಟು ದೊಡ್ಡದು ಮಾಡಿ ಒಂದು ಪರದೆಗೆ ಆರು ಇಟ್ಟೆವು. ಗಾಲಿಕುರ್ಚಿಯಲ್ಲಿ ಬಂದ ಒಬ್ಬರಿಗೆ ಮೇಲಿನ ಸಾಲು ಕೈಗೆ ಎಟುಕಲೇ ಇಲ್ಲ. ಅದಕ್ಕೆ ಈಗ ಪರದೆಯ ಮೇಲಿನ ಅರ್ಧದಲ್ಲಿ ಓದುವುದು ಮಾತ್ರ ಇರುತ್ತದೆ, ಒತ್ತುವುದೆಲ್ಲ ಕೆಳಗಿನ ಅರ್ಧದಲ್ಲಿ.

ಓಟಿಪಿ ಹೋಯಿತು, ಹೆಸರು ಹೋಯಿತು, ಮೊಬೈಲ್ ಸಂಖ್ಯೆ ಬೇಕಾದವರಿಗೆ ಮಾತ್ರ ಉಳಿಯಿತು. ಆರು ಹಂತಗಳಿದ್ದದ್ದು ಮೂರಾಗಿವೆ. ಮ್ಯಾನೇಜರರನ್ನು ಒಪ್ಪಿಸಲು ಐಎಸ್‌ಒ ಮಾನದಂಡದ ಪ್ರತಿ ತೆಗೆದುಕೊಂಡು ಹೋಗಿದ್ದೆ, ಅದರ ಅಗತ್ಯ ಬೀಳಲಿಲ್ಲ. ಎರಡನೆಯ ದಿನ ಅವರನ್ನೇ ಅರ್ಧ ಗಂಟೆ ನನ್ನ ಪಕ್ಕ ನಿಲ್ಲಿಸಿಕೊಂಡಿದ್ದೆ. ಮೂರನೆಯ ರೋಗಿಯ ಹೊತ್ತಿಗೆ ಅವರೇ ಕೈ ಚಾಚಿ ಗುಂಡಿ ಒತ್ತಲು ಹೋದರು, ನಾನು ತಡೆಯಬೇಕಾಯಿತು.

ಸೋಮವಾರ ಹೊಸ ಪರದೆ ಚಾಲೂ ಆಗುತ್ತದೆ. ಎರಡು ಚೀಟಿಗಳನ್ನು ತೆಗೆಯುತ್ತಿದ್ದೇವೆ, ಸೆಕ್ಯುರಿಟಿಯವರನ್ನು ಕೇಳಿ ಎಂಬುದನ್ನು ಮೊದಲ ವಾರ ಬಿಡುತ್ತಿದ್ದೇವೆ. ಸೆಕ್ಯುರಿಟಿ ಅಣ್ಣನಿಗೆ ಒಂದು ಸಣ್ಣ ಪುಸ್ತಕ ಕೊಟ್ಟಿದ್ದೇನೆ, ಅವರು ಎದ್ದು ಬರಬೇಕಾದಾಗಲೆಲ್ಲ ಯಾವ ಪರದೆಯಲ್ಲಿ ಎಂದು ಒಂದು ಗೀಟು ಹಾಕುತ್ತಾರೆ. ಬರೆಯುವುದಕ್ಕೆ ಅವರು ಒಪ್ಪಿದ್ದಾರೆ, ಆದರೆ ಪರದೆಗಳ ಹೆಸರು ಇಂಗ್ಲಿಷಿನಲ್ಲಿದೆ, ಬಣ್ಣ ಹಾಕಿಕೊಡಿ ಎಂದು ಕೇಳಿದ್ದಾರೆ. ಇಂದು ಸಂಜೆ ಕೂತು ಅದನ್ನು ಮಾಡಬೇಕು.